ಮುಗ್ಗಲು ನುಚ್ಚು, ಹುಸಿ ಬೆದೆ

ಮಲೆನಾಡಿನ ತೋಟದ ಮನೆಯಲ್ಲಿ ದವಸ ಕೆಡುತ್ತ ಹೋದಂತೆ ಅದನ್ನು ಉಣ್ಣುವವರೂ ಬದಲಾಗುತ್ತ ಹೋಗುತ್ತಾರೆ. ಮೊರದಲ್ಲಿ ಕೇರಿ ಹಸನು ಮಾಡಿದ ಅಕ್ಕಿ ಮನೆಮಂದಿಗೆ, ತೌಡು ಮತ್ತು ಒಳ್ಳೆಯ ನುಚ್ಚು ಅಕ್ಕಚ್ಚಿನ ಬಾನಿ ಸೇರಿ ದನಕ್ಕೆ, ದನವೂ ಮೂಸಿ ಮುಖ ತಿರುಗಿಸಿದ ಮುಗ್ಗಲು ನುಚ್ಚು ಬೆಂದು, ಮಜ್ಜಿಗೆಯೋ ಮೀನಿನ ತಲೆಯೋ ಬೆರೆತು ನಾಯಿಯ ಬಟ್ಟಲಿಗೆ ಸಲ್ಲುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಂದಿ, ಮಂಗಗಳಿಂದ ತೋಟ ಕಾಯುವ ಈ ಪ್ರಾಣಿಯ ಮೇಲೆ ಮನೆಯವರ ಅಕ್ಕರೆ ಕಡಿಮೆಯೇನಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ತನ್ನ ಹುಲಿಯನನ್ನು ಬಿಟ್ಟಿರಲಾರದೆ ‘ನಾಯಿಗುತ್ತಿ’ ಎಂದೇ ಹೆಸರಾದವನು. ಅಕ್ಕರೆಯಿದ್ದರೂ ನಾಯಿಯ ಊಟವನ್ನು ಯಾರೂ ಮೂಸಿ ನೋಡುವುದಿಲ್ಲ ಎಂಬುದೇ ಈ ಲೇಖನದ ವಿಷಯ. ಏಕೆಂದರೆ ಆ ಊಟದಲ್ಲಿ ಬೆಳೆದ ಬೂಷ್ಟು ನಾಯಿಯನ್ನು ಕೂಡಲೇ ಕೊಲ್ಲದೆ ಅದರ ಬೆದೆಯನ್ನು, ಗಬ್ಬವನ್ನು, ಮರಿಗಳನ್ನು ಸದ್ದಿಲ್ಲದೆ ಕೆಡಿಸಬಲ್ಲದು.

ಬೂಷ್ಟೆಂದರೆ ಶಿಲೀಂಧ್ರ. ಶಿಲೀಂಧ್ರ ಮತ್ತು ಅದನ್ನು ಹೋಲುವ ಜೀವಿಗಳ ಕಾಟ ಈ ಸೀಮೆಗೆ ಹೊಸದಲ್ಲ. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಅಭ್ಯಸಿಸಿ ಪ್ರಕಟಿಸಿದ್ದರು, ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಇಂದಿಗೂ ಪ್ರತಿ ಮಳೆಗಾಲದಲ್ಲಿ ಮರ ಏರುತ್ತದೆ. ಆದರೆ ಕೊಳೆರೋಗದ ಜೀವಿ ಗೊನೆಯನ್ನು ಕೊಳೆಸುತ್ತದೆಯೇ ಹೊರತು ತಿನ್ನುವವರಿಗೆ ವಿಷವಿಡುವುದಿಲ್ಲ. ಗೋಣಿಚೀಲದೊಳಗಿನ ಬೂಷ್ಟಿನ ಜಾತಿ ಬೇರೆ. ಆಸ್ಪರ್ಜಿಲಸ್, ಪೆನಿಸಿಲಿಯಂ, ಫ್ಯೂಸೇರಿಯಂ ಎಂಬ ಮೂರು ಕುಲಗಳ ಕೆಲವು ಶಿಲೀಂಧ್ರಗಳು ಧಾನ್ಯದ ಮೇಲೆ ಬೆಳೆಯುವಾಗ ಕೆಲವು ರಾಸಾಯನಿಕಗಳನ್ನು ಸ್ರವಿಸುತ್ತವೆ; ಇವುಗಳಿಗೆ ಶಿಲೀಂಧ್ರವಿಷ, ಅಂದರೆ ಮೈಕೋಟಾಕ್ಸಿನ್ ಎಂದು ಹೆಸರು. ಬೂಷ್ಟನ್ನು ಒರೆಸಿ ತೆಗೆದರೂ, ತೊಳೆದರೂ, ಒಲೆಯ ಮೇಲಿಟ್ಟು ಕುದಿಸಿ ಬೂಷ್ಟಿನ ಜೀವ ತೆಗೆದರೂ ಅದು ಬಿಟ್ಟುಹೋದ ವಿಷ ಕಾಳಿನೊಳಗೆ ಬಹುಪಾಲು ಹಾಗೆಯೇ ಉಳಿಯುತ್ತದೆ. ಬೇಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಅಡುಗೆಮನೆಯ ನಂಬಿಕೆ ರೋಗಾಣುಗಳ ಮಟ್ಟಿಗೆ ಸತ್ಯ, ಈ ವಿಷಗಳ ಮಟ್ಟಿಗೆ ಅಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಸರಿಸಮನಾಗಿ ಪೈಪೋಟಿ ನಡೆಸುವ ಊರು. ಆದರೆ ದವಸ ಕೆಡಿಸುವುದು ಆಕಾಶದಿಂದ ಬೀಳುವ ಹನಿಗಿಂತ ಹೆಚ್ಚಾಗಿ ಗಾಳಿಯಲ್ಲಿ ನಿಂತ ತೇವ. ಒಣಗಿದ ಕಾಳು ಸುತ್ತಲಿನ ಗಾಳಿಯಿಂದ ತೇವ ಹೀರಿ, ಗಾಳಿಗೆ ತಕ್ಕ ಮಟ್ಟ ಮುಟ್ಟುವವರೆಗೂ ಹೀರುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇಕಡ 75ರಷ್ಟಿದ್ದರೆ ಕಾಳಿನ ತೇವಾಂಶ ಸುಮಾರು ಶೇಕಡ 14ಕ್ಕೆ ನಿಲ್ಲುತ್ತದೆ, ಅದುವರೆಗೆ ಬೂಷ್ಟಿಗೆ ಹೆಚ್ಚಿನ ಆಸ್ಪದವಿಲ್ಲ; ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ ಆರ್ದ್ರತೆ ಶೇಕಡ 90 ದಾಟಿ ವಾರಗಟ್ಟಲೆ ಇಳಿಯದೆ ಹೋದರೆ ಅದೇ ಕಾಳು ಶೇಕಡ 18ಕ್ಕೂ ಮೇಲೇರುತ್ತದೆ. ಚೀಲದ ಬಾಯಿ ಬಿಚ್ಚಿದಾಗ ಕೈಗೆ ತಾಗುವ ಸಣ್ಣ ಬಿಸಿ, ಮೂಗಿಗೆ ಬಡಿಯುವ ಮುಗ್ಗಲು, ಬೆರಳಿಗೆ ಅಂಟುವ ಹಸಿರು–ಹಳದಿ ಪುಡಿ, ಮುಷ್ಟಿ ಬಿಚ್ಚಿದರೂ ಉದುರದೆ ಗಂಟಾಗಿ ನಿಲ್ಲುವ ನುಚ್ಚು, ಇವೆಲ್ಲ ಬೂಷ್ಟಿನ ಸಂಸಾರ ಬೆಳೆದಿರುವುದರ ಕುರುಹುಗಳು. ಆದರೆ ಕುರುಹು ಕಾಣಲಿಲ್ಲವೆಂದ ಮಾತ್ರಕ್ಕೆ ವಿಷವಿಲ್ಲವೆಂದು ಹೇಳಲಾಗದು; ಪೈರು ಇನ್ನೂ ಹೊಲದಲ್ಲಿರುವಾಗಲೇ ಬೆಳೆದ ಫ್ಯೂಸೇರಿಯಂ ಒಣಗಿ ಸತ್ತಿರಬಹುದು, ಅದರ ವಿಷ ಮಾತ್ರ ಕಾಳಿನೊಂದಿಗೆ ಲಾರಿ ಹತ್ತಿ ಬಂದಿರಬಹುದು.

ಈ ಲಾರಿಯ ಮಾತು ಮುಖ್ಯ. ಮಲೆನಾಡಿನ ಗದ್ದೆಯಲ್ಲಿ ಬೆಳೆಯುವುದು ಭತ್ತ. ನಾಯಿಯ ಬೆದೆಗೆ ಹೆಚ್ಚು ಕಂಟಕವಾಗುವ ಫ್ಯೂಸೇರಿಯಂ ವಿಷ ಹೆಚ್ಚಾಗಿ ಕಾಣುವುದು ಮೆಕ್ಕೆಜೋಳದಲ್ಲಿ. ಆ ಜೋಳ ಶಿಕಾರಿಪುರ, ಹಾವೇರಿ, ದಾವಣಗೆರೆಗಳ ಬಯಲಲ್ಲಿ ಬೆಳೆದು, ಕೊಯ್ಲಿನ ಹೊತ್ತಿನ ಅಕಾಲ ಮಳೆಗೆ ತೆನೆಯಲ್ಲೇ ನೆನೆದರೂ ಮಾರುಕಟ್ಟೆಗೆ ಬಂದು, ಪಶು ಆಹಾರವಾಗಿ, ಕೋಳಿ ಆಹಾರವಾಗಿ, ಪ್ಯಾಕೆಟ್‌ಗಳಲ್ಲಿ ಬರುವ ನಾಯಿ ಆಹಾರದ ಒಂದು ಭಾಗವಾಗಿ ಘಟ್ಟದ ಊರುಗಳಿಗೆ ಏರುತ್ತದೆ. ಹೀಗಾಗಿ ಇಲ್ಲಿಯ ನಾಯಿಗೆ ಎರಡು ದಾರಿಗಳಲ್ಲಿ ವಿಷ ಒದಗಬಹುದು: ಬಯಲಿನ ಹೊಲದಲ್ಲಿ ಹುಟ್ಟಿದ್ದು ಒಂದು, ಮಳೆಗಾಲದ ಮನೆಯೊಳಗೇ ನುಚ್ಚಿನಲ್ಲಿ, ಶೇಂಗಾ ಹಿಂಡಿಯಲ್ಲಿ, ಕೊಬ್ಬರಿಯಲ್ಲಿ ಬೆಳೆದದ್ದು ಇನ್ನೊಂದು.

ಮನೆಯೊಳಗೆ ಬೆಳೆಯುವವುಗಳಲ್ಲಿ ಕುಖ್ಯಾತವಾದುದು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತಾಗ ಈ ವಿಷ ಪತ್ತೆಯಾಯಿತೆಂದು ಪುಸ್ತಕಗಳು ಹೇಳುತ್ತವೆ. ಅದಕ್ಕೂ ಮೊದಲೇ, 1950ರ ದಶಕದ ಆರಂಭದಲ್ಲಿ, ಅಮೆರಿಕದ ಆಗ್ನೇಯ ರಾಜ್ಯಗಳ ನಾಯಿಗಳು ಕಾರಣ ತಿಳಿಯದ ಯಕೃತ್ತಿನ ರೋಗದಿಂದ ಸಾಯುತ್ತಿದ್ದವು. ಆ ರೋಗವನ್ನು ‘ಹೆಪಟೈಟಿಸ್ ಎಕ್ಸ್’ ಎಂದು ಕರೆದು ಬಿಡಲಾಗಿತ್ತು, ಅದು ಅಫ್ಲಾಟಾಕ್ಸಿನ್‌ನ ಕೆಲಸವೆಂದು ತಿಳಿದದ್ದು ಟರ್ಕಿ ಕೋಳಿಗಳು ಸತ್ತ ಮೇಲೆ. ನಾಯಿಗಳು ಮೊದಲು ಸಾಕ್ಷಿ ನುಡಿದಿದ್ದವು, ಕೇಳಿಸಿಕೊಳ್ಳುವವರಿರಲಿಲ್ಲ.

ಭಾರತದಲ್ಲಿ ನಡೆದ ದುರಂತ ಇನ್ನೂ ದೊಡ್ಡದು. 1974ರ ಅಕ್ಟೋಬರಿನಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ಹೊಲದಲ್ಲಿದ್ದ ಮೆಕ್ಕೆಜೋಳ ನೆನೆದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹಿಡಿಯಿತು. ಬೇರೆ ಗತಿಯಿಲ್ಲದ ಬಡ ಕುಟುಂಬಗಳು ಅದನ್ನೇ ಉಂಡವು, ಮನೆಯ ನಾಯಿಗಳು ಅದೇ ರೊಟ್ಟಿಯ ಚೂರು ತಿಂದವು, 200ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮನುಷ್ಯರಿಗೂ ನಾಯಿಗಳಿಗೂ ಒಂದೇ ಬಗೆಯ ಯಕೃತ್ತಿನ ರೋಗ ಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ್ ಭಟ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಜೋಳದಲ್ಲಿ ಕಿಲೋಗೆ 6.25ರಿಂದ 15.6 ಮಿಲಿಗ್ರಾಂ ಅಫ್ಲಾಟಾಕ್ಸಿನ್ ಇತ್ತು. ಈ ಅಂಕಿಯನ್ನು ನಾಯಿಯ ಲೆಕ್ಕಕ್ಕೆ ಇಳಿಸಿ ನೋಡಬೇಕು. ನಾಯಿಗೆ ಮಾರಕವಾಗುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ಸುಮಾರು ಅರ್ಧದಿಂದ ಒಂದು ಮಿಲಿಗ್ರಾಂ. 12 ಕಿಲೋ ತೂಗುವ ಊರನಾಯಿ ದಿನಕ್ಕೆ 300 ಗ್ರಾಂ ಅಂಥ ಜೋಳ ತಿಂದರೆ ಹೊಟ್ಟೆ ಸೇರುವ ವಿಷ ಎರಡರಿಂದ ಐದು ಮಿಲಿಗ್ರಾಂ. ಬೆರಳೆಣಿಕೆಯ ದಿನಗಳಲ್ಲಿ ಅದು ಉಂಡ ಒಟ್ಟು ವಿಷ ಮಾರಕ ಪ್ರಮಾಣವನ್ನು ಮುಟ್ಟುತ್ತದೆ.

ಮಲೆನಾಡಿನ ನಾಯಿಬಟ್ಟಲಿನ ಪ್ರಮಾಣ ಇಷ್ಟು ಘೋರವಾಗಿರಬೇಕೆಂದಿಲ್ಲ. ಆದರೆ ಅಫ್ಲಾಟಾಕ್ಸಿನ್ ಕೊಲ್ಲದೆಯೂ ಕೆಲಸ ಮಾಡುತ್ತದೆ. ಅದರ ಗುರಿ ಯಕೃತ್ತು, ಯಕೃತ್ತಿನ ಕೆಲಸಗಳಲ್ಲಿ ಒಂದು ದೇಹದಲ್ಲಿ ಬಳಕೆಯಾದ ಲೈಂಗಿಕ ಹಾರ್ಮೋನುಗಳನ್ನು ಮುರಿದು ಹೊರಹಾಕುವುದು. ಯಕೃತ್ತು ಕುಂದಿದಾಗ ರಕ್ತದಲ್ಲಿ ಹಾರ್ಮೋನುಗಳ ಹದ ತಪ್ಪುತ್ತದೆ, ಮೈಗೆ ಪ್ರೋಟೀನು ಸಾಲದಾಗುತ್ತದೆ. ಈ ವಿಷಕ್ಕೆ ಗರ್ಭಚೀಲದ ತಡೆಯೂ ಇಲ್ಲ, ಕೆಚ್ಚಲಿನ ತಡೆಯೂ ಇಲ್ಲ. ತಾಯಿ ತಿಂದದ್ದರ ಒಂದು ಪಾಲು ಎಂ–1 ಎಂಬ ರೂಪಾಂತರ ಹೊಂದಿ ಹಾಲಿನಲ್ಲಿ ಇಳಿಯುತ್ತದೆ. ಹಸುವಿನ ಹಾಲಿನಲ್ಲಿ ಇದು ಲೀಟರಿಗೆ ಅರ್ಧ ಮೈಕ್ರೋಗ್ರಾಂ ಮೀರಬಾರದೆಂದು ಭಾರತದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ನಾಯಿಮರಿ ಕುಡಿಯುವ ಹಾಲನ್ನು ಯಾವ ನಿಯಮವೂ ಅಳೆಯುವುದಿಲ್ಲ.

ಸಂತಾನದ ವಿಷಯದಲ್ಲಿ ನೇರವಾಗಿ ಕೈ ಹಾಕುವುದು ಇನ್ನೊಂದು ವಿಷ, ಫ್ಯೂಸೇರಿಯಂ ಸ್ರವಿಸುವ ಜಿಯರಾಲೆನೋನ್. ಅಮೆರಿಕದ ಅಯೋವಾದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ ಎಳೆಯ ಹೆಣ್ಣುಹಂದಿಗಳು ಪ್ರಾಯಕ್ಕೆ ಬರುವ ಮೊದಲೇ ಬೆದೆಗೆ ಬಂದಂತೆ ಕಾಣುತ್ತಿದ್ದುದನ್ನು ಪಶುವೈದ್ಯರು 1928ರಲ್ಲೇ ವರದಿ ಮಾಡಿದ್ದರು. ಆ ವಸ್ತುವನ್ನು ಬೇರ್ಪಡಿಸಿದ್ದು 1962ರಲ್ಲಿ, ಹೆಸರು ಬಿದ್ದದ್ದು 1966ರಲ್ಲಿ. ಹೆಸರಿನ ಮೊದಲ ಭಾಗವಾದ ‘ಜಿಯಾ’ ಮೆಕ್ಕೆಜೋಳದ ಶಾಸ್ತ್ರೀಯ ನಾಮದಿಂದ ಬಂದದ್ದು. ಇದನ್ನು ವಿಷವೆಂದು ಕರೆಯುವುದಕ್ಕಿಂತ ವೇಷಧಾರಿ ಎಂದು ಕರೆಯುವುದು ಹೆಚ್ಚು ಸರಿ. ಹೆಣ್ಣಿನ ದೇಹದಲ್ಲಿ ಬೆದೆಯನ್ನು ತರುವ ಈಸ್ಟ್ರೋಜನ್ ಎಂಬ ಹಾರ್ಮೋನು ಗರ್ಭಕೋಶ, ಅಂಡಾಶಯಗಳ ಜೀವಕೋಶಗಳಲ್ಲಿರುವ ಗ್ರಾಹಕಗಳೆಂಬ ಬೀಗಗಳಿಗೆ ಕೀಲಿಯಂತೆ ಕೂಡಿಕೊಂಡು ಕೆಲಸ ಮಾಡಿಸುತ್ತದೆ. ಜಿಯರಾಲೆನೋನ್‌ನ ಅಣು ರಚನೆಯಲ್ಲಿ ಬೇರೆಯಾದರೂ ಅದೇ ಬೀಗಕ್ಕೆ ಹೊಂದುತ್ತದೆ, ಅಷ್ಟೇ ಅಲ್ಲ, ಯಕೃತ್ತಿನಲ್ಲಿ ಆಲ್ಫಾ–ಜಿಯರಾಲೆನಾಲ್ ಆಗಿ ಬದಲಾದಾಗ ಮೊದಲಿಗಿಂತ ಬಿಗಿಯಾಗಿ ಹೊಂದುತ್ತದೆ. ಬೀಗ ತೆಗೆದವರು ಯಾರೆಂದು ಜೀವಕೋಶ ವಿಚಾರಿಸುವುದಿಲ್ಲ.

ನಾಯಿಯಲ್ಲಿ ಇದರ ಪರಿಣಾಮ ಹೆಚ್ಚು ತೊಡಕಿನದಾಗಲು ಆ ಪ್ರಾಣಿಯ ಋತುಚಕ್ರದ ವಿಶೇಷವೇ ಕಾರಣ. ಹೆಣ್ಣುನಾಯಿಯ ಬೆದೆಯ ಮೊದಲ ಒಂಬತ್ತು ದಿನಗಳ ಆಸುಪಾಸಿನಲ್ಲಿ ಈಸ್ಟ್ರೋಜನ್ ಏರುತ್ತ, ಯೋನಿದ್ವಾರ ಊದಿ ರಕ್ತ ಕಾಣುತ್ತದೆ, ಆದರೆ ಗಂಡನ್ನು ಸೇರಿಸುವುದಿಲ್ಲ. ಮುಂದಿನ ಸುಮಾರು ಒಂಬತ್ತು ದಿನಗಳಲ್ಲಿ ಕೂಡಲು ಒಪ್ಪುತ್ತದೆ, ಅಂಡ ಬಿಡುಗಡೆಯಾಗುತ್ತದೆ. ಆ ಬಳಿಕ ಗಬ್ಬ ನಿಂತಿರಲಿ, ನಿಲ್ಲದಿರಲಿ, ಪ್ರೊಜೆಸ್ಟರಾನ್ ಎಂಬ ಗರ್ಭ ಕಾಯುವ ಹಾರ್ಮೋನು ಸುಮಾರು ಎರಡು ತಿಂಗಳು ರಕ್ತದಲ್ಲಿ ಮೇಲಿನ ಮಟ್ಟದಲ್ಲೇ ಇರುತ್ತದೆ. ಹಸುವಿನಲ್ಲಿ ಬಸಿರು ನಿಲ್ಲದಿದ್ದರೆ ಮೂರು ವಾರಕ್ಕೆ ಲೆಕ್ಕ ಚುಕ್ತಾ ಆಗುತ್ತದೆ. ನಾಯಿಯಲ್ಲಿ ಬರಿಗರ್ಭವೂ ತುಂಬುಗರ್ಭದಷ್ಟೇ ದಿನ ಹಾರ್ಮೋನಿನಲ್ಲಿ ಮುಳುಗಿರುತ್ತದೆ. ಸುಳ್ಳು ಗಬ್ಬ, ಅಂದರೆ ಮರಿಯಿಲ್ಲದೆಯೇ ಮೊಲೆ ತುಂಬಿ ಗೂಡು ಕಟ್ಟುವ ಚಾಳಿ, ನಾಯಿಯಲ್ಲಿ ಇಷ್ಟು ಸಾಮಾನ್ಯವಾಗಿರುವುದು ಇದರಿಂದಲೇ.

ಇಂಥ ಚಕ್ರದೊಳಗೆ ಹೊರಗಿನ ಈಸ್ಟ್ರೋಜನ್ ವೇಷಧಾರಿ ನುಗ್ಗಿದರೆ ಎರಡು ಬಗೆಯ ಅನಾಹುತ ಸಾಧ್ಯ. ಮೊದಲನೆಯದು ಹುಸಿ ಬೆದೆ: ಯೋನಿದ್ವಾರ ಊದುತ್ತದೆ, ರಕ್ತ ವಾರಗಟ್ಟಲೆ ಒಸರುತ್ತದೆ, ಗಂಡುನಾಯಿಗಳು ಅಂಗಳದಲ್ಲಿ ಜಮಾಯಿಸುತ್ತವೆ, ಆದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ತಪ್ಪು ಸುದ್ದಿ ಮುಟ್ಟಿ ಅಂಡ ಬಲಿಯುವುದೇ ಇಲ್ಲ. ಕೂಡಿಸಿದರೂ ಗಬ್ಬ ಕಟ್ಟುವುದಿಲ್ಲ. ಎರಡನೆಯದು ಇನ್ನೂ ಅಪಾಯಕಾರಿ. ಈಸ್ಟ್ರೋಜನ್ ಸೋಕಿದ ಗರ್ಭಕೋಶದ ಒಳಪೊರೆ ಪ್ರೊಜೆಸ್ಟರಾನಿಗೆ ಹೆಚ್ಚು ಸ್ಪಂದಿಸುತ್ತದೆ. ಬೆದೆ ಮುಗಿದ ಮೇಲಿನ ಎರಡು ತಿಂಗಳು ಆ ಪೊರೆಯ ಗ್ರಂಥಿಗಳು ಹಿಗ್ಗಿ ನೀರುಗುಳ್ಳೆಗಳಂತಾಗಿ ದ್ರವ ಸುರಿಸುತ್ತವೆ, ಬೆದೆಯ ಸಮಯದಲ್ಲಿ ತೆರೆದಿದ್ದ ಬಾಯಿಯಿಂದ ಒಳಸೇರಿದ ಬ್ಯಾಕ್ಟೀರಿಯಾಗಳಿಗೆ ಆ ದ್ರವವೇ ಮನೆಯಾಗುತ್ತದೆ. ಗರ್ಭಕೋಶ ಕೀವಿನ ಚೀಲವಾಗುವ ಈ ಸ್ಥಿತಿಗೆ ಪಯೋಮೆಟ್ರಾ ಎಂದು ಹೆಸರು. ಬೆದೆ ಕಳೆದ ನಾಲ್ಕರಿಂದ ಎಂಟು ವಾರಗಳಲ್ಲಿ ನಾಯಿ ಮಂಕಾಗಿ, ಊಟ ಬಿಟ್ಟು, ನೀರನ್ನು ಮಾತ್ರ ಮೇಲಿಂದ ಮೇಲೆ ಕುಡಿಯತೊಡಗಿದರೆ, ಹಿಂಭಾಗದಿಂದ ಕೀವು ಸೋರಲಿ ಬಿಡಲಿ, ಅದನ್ನು ಅಂದೇ ಪಶುವೈದ್ಯರಿಗೆ ತೋರಿಸಬೇಕು. ಬಾಯಿ ಮುಚ್ಚಿಕೊಂಡ ಗರ್ಭಕೋಶದಲ್ಲಿ ಕೀವು ನಿಂತರೆ ಉಳಿಯುವುದು ಕಷ್ಟ.

ಇದೆಲ್ಲ ಹಂದಿಯಿಂದ ಊಹಿಸಿದ ಮಾತಷ್ಟೇ ಅಲ್ಲ. ಪೋಲೆಂಡಿನ ಓಲ್ಷ್ಟಿನ್ ನಗರದ ಪಶುವೈದ್ಯ ಸಂಶೋಧಕರು ಇನ್ನೂ ಬೆದೆಗೆ ಬಾರದ ಹೆಣ್ಣುನಾಯಿಗಳಿಗೆ ದೇಹತೂಕದ ಪ್ರತಿ ಕಿಲೋಗೆ 50 ಮತ್ತು 75 ಮೈಕ್ರೋಗ್ರಾಂನಷ್ಟು ಜಿಯರಾಲೆನೋನನ್ನು 42 ದಿನ ಕೊಟ್ಟು, ಅಂಡಾಶಯದ ಅಂಗಾಂಶದಲ್ಲಿ ಬದಲಾವಣೆಗಳನ್ನು ಗುರುತಿಸಿದ್ದಾರೆ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದ ಒಂದು ಪಾಲು. 15 ಕಿಲೋ ತೂಗುವ ನಾಯಿಗೆ ದಿನಕ್ಕೆ 300 ಗ್ರಾಂ ಆಹಾರದ ಮೂಲಕ ಈ ಎರಡರಲ್ಲಿ ಕಡಿಮೆ ಪ್ರಮಾಣದಷ್ಟು ವಿಷ ಸೇರಬೇಕಾದರೂ ಆಹಾರದ ಪ್ರತಿ ಕಿಲೋದಲ್ಲಿ ಎರಡೂವರೆ ಮಿಲಿಗ್ರಾಂ ಜಿಯರಾಲೆನೋನ್ ಇರಬೇಕು. ತೀರಾ ಕೆಟ್ಟ ಜೋಳದಲ್ಲಿ ಅದು ಅಸಂಭವವಲ್ಲ, ದಿನನಿತ್ಯದ ಮಾತೂ ಅಲ್ಲ. ಐರೋಪ್ಯ ಒಕ್ಕೂಟ 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದನ್ನು ಅರಿತೇ ಮರಿಗಳಿಗೂ ತಳಿ ಬೆಳೆಸುವ ನಾಯಿಗಳಿಗೂ ಕಿಲೋಗೆ 0.1 ಮಿಲಿಗ್ರಾಂ, ಉಳಿದ ದೊಡ್ಡ ನಾಯಿಗಳಿಗೆ 0.2 ಮಿಲಿಗ್ರಾಂ ಎಂದು ಬೇರೆಬೇರೆ ಮಿತಿ ಗೊತ್ತುಪಡಿಸಿತು; ಸಂತಾನದ ಹೊತ್ತಿನಲ್ಲಿ ಅದೇ ವಿಷಕ್ಕೆ ಅರ್ಧದಷ್ಟೇ ಸಲುಗೆ.

ಆ ಸಂತಾನದ ಹೊತ್ತು ಮಲೆನಾಡಿನಲ್ಲಿ ಯಾವಾಗ ಬರುತ್ತದೆ ಎಂಬುದನ್ನು ನೋಡಿದರೆ ಈ ವಿಚಾರ ಇನ್ನಷ್ಟು ಹತ್ತಿರ ಬರುತ್ತದೆ. ಸಾಕಿದ ತಳಿಯ ನಾಯಿಗಳು ವರ್ಷದ ಯಾವ ಕಾಲದಲ್ಲಾದರೂ ಬೆದೆಗೆ ಬರಬಹುದು. ಊರನಾಯಿಗಳು ಬಹುಮಟ್ಟಿಗೆ ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಕೂಡುತ್ತವೆ, ‘ಕಾರ್ತಿಕದ ನಾಯಿ’ ಎಂಬ ಮಾತು ಹುಟ್ಟಿದ್ದು ಅದರಿಂದ. ಅರುವತ್ತಮೂರು ದಿನಗಳ ಗಬ್ಬ ಕಳೆದು ಅಡಿಕೆ ಕೊಯ್ಲಿನ ಹೊತ್ತಿಗೆ ಮರಿ ಹಾಕುತ್ತವೆ. ಅಂದರೆ ಬೆದೆಗೆ ಮುಂಚಿನ ಎರಡು ಮೂರು ತಿಂಗಳು, ಅಂಡಾಶಯ ಸಜ್ಜಾಗುವ ಕಾಲದಲ್ಲಿ, ನಾಯಿ ಉಣ್ಣುವುದು ಹಿಂದಿನ ವರ್ಷದ ಭತ್ತದ ತಳಕ್ಕೆ ಉಳಿದ, ಇಡೀ ಮುಂಗಾರನ್ನು ಚೀಲದಲ್ಲೇ ಕಳೆದ ನುಚ್ಚು. ಹೊಸ ಭತ್ತದ ಒಳ್ಳೆಯ ನುಚ್ಚು ಬರುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಎರಡು ಕಾಲಗಳು ಹೀಗೆ ಒಂದರ ಮೇಲೊಂದು ಬಂದು ಕೂರುವುದು ವಿಷಕ್ಕೆ ಪುರಾವೆಯಾಗುವುದಿಲ್ಲ ನಿಜ. ಆದರೆ ಶ್ರಾವಣ–ಭಾದ್ರಪದಗಳಲ್ಲಿ ನಾಯಿಯ ಬಟ್ಟಲಿನ ಮೇಲೆ ಕಣ್ಣಿಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಗಂಡುನಾಯಿ ಇದರಿಂದ ಪಾರಾದದ್ದೇನಲ್ಲ. ಒಂದು ಸುತ್ತಿನ ವೀರ್ಯಾಣುಗಳು ಹುಟ್ಟಿ ಬಲಿಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು, ಆದ್ದರಿಂದ ಆಷಾಢದಲ್ಲಿ ತಿಂದ ವಿಷದ ಫಲ ಆಶ್ವಯುಜದಲ್ಲಿ ಕಾಣಬಹುದು. ಉಳಿದ ವಿಷಗಳ ಮಾತು ಬೇಗ ಮುಗಿಯುವಂಥದು. ಓಕ್ರಾಟಾಕ್ಸಿನ್ ಮುಖ್ಯವಾಗಿ ಮೂತ್ರಪಿಂಡಕ್ಕೆ ಬೀಳುತ್ತದೆ. ವಾಂತಿವಿಷವೆಂದೇ ಕರೆಯಬಹುದಾದ ಡಿಆಕ್ಸಿನಿವಲೆನಾಲ್ ಆಹಾರದ ಕಿಲೋಗೆ 8 ಮಿಲಿಗ್ರಾಂ ಮುಟ್ಟಿದರೆ ನಾಯಿ ವಾಂತಿ ಮಾಡಿಕೊಳ್ಳುತ್ತದೆ. ಇದು ಬಹಳ ಸಲ ಜಿಯರಾಲೆನೋನ್ ಜೊತೆಗೇ ಇರುವುದರಿಂದ, ಊಟ ಕಂಡು ಹಿಂಜರಿಯುವ ನಾಯಿಯನ್ನು ಸೊಕ್ಕಿನದೆಂದು ಗದರುವ ಮೊದಲು ಬಟ್ಟಲನ್ನು ಮೂಸಿ ನೋಡುವುದು ಲೇಸು.

ಇಷ್ಟು ಹೇಳಿದ ಮೇಲೆ, ಪ್ರತಿಯೊಂದು ಬರಿಗರ್ಭವನ್ನೂ ಬೂಷ್ಟಿನ ತಲೆಗೆ ಕಟ್ಟುವುದು ತಪ್ಪು. ನಾಯಿ ಕಂದು ಹಾಕಲು, ಮರಿಗಳು ಸತ್ತೇ ಹುಟ್ಟಲು ಬ್ರೂಸೆಲ್ಲಾ ರೋಗ, ಹರ್ಪಿಸ್ ವೈರಸ್, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಕಾರಣವಾಗಬಹುದು; ಉಣುಗುಗಳಿಂದ ಬರುವ ಜ್ವರ ನಾಯಿಯನ್ನು ಸೊರಗಿಸಿ ಬೆದೆಯನ್ನೇ ತಪ್ಪಿಸಬಹುದು. ಬೆದೆ ತಡೆಯಲೆಂದು ಕೊಡಿಸುವ ಹಾರ್ಮೋನು ಚುಚ್ಚುಮದ್ದು ಪಯೋಮೆಟ್ರಾಕ್ಕೆ ಬೂಷ್ಟಿಗಿಂತ ಹತ್ತಿರದ ದಾರಿ. ಬೂಷ್ಟಿನ ಮೇಲೆ ಅನುಮಾನ ಬಲವಾಗುವುದು ಒಂದೇ ಮನೆಯ, ಒಂದೇ ಚೀಲದ ಆಹಾರ ಉಂಡ ಎರಡು ಮೂರು ನಾಯಿಗಳಲ್ಲಿ ಇಂಥದೇ ತೊಂದರೆ ಕಂಡಾಗ, ಪ್ರಾಯಕ್ಕೆ ಬಾರದ ಮರಿಯಲ್ಲೂ ಊತ ಕಾಣಿಸಿದಾಗ, ಆಹಾರ ಬದಲಿಸಿದ ಕೆಲವು ವಾರಗಳಲ್ಲಿ ಅದು ಇಳಿದಾಗ. ಅದೇ ಚೀಲದ ಹಿಂಡಿ ತಿಂದ ಎಮ್ಮೆಯೂ ಬೆದೆಯಲ್ಲಿ ಎಡವಟ್ಟು ಮಾಡುತ್ತಿದ್ದರೆ ಅನುಮಾನಕ್ಕೆ ಇನ್ನಷ್ಟು ಬಲ.

ತಡೆಯುವ ಉಪಾಯಗಳಿಗಾಗಿ ದೂರ ಹೋಗಬೇಕಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಮತ್ತು ಬಿಸಿಗೆ ದವಸವಿಡುತ್ತಿದ್ದ ಹಳೆಯ ಮನೆಗಳು ತೇವದ ಶಾಸ್ತ್ರವನ್ನು ಓದದೆಯೇ ಅರಿತಿದ್ದವು. ಗ್ಯಾಸ್ ಒಲೆ ಬಂದ ಮೇಲೆ ಅಟ್ಟ ತಣ್ಣಗಾಯಿತು, ಚೀಲ ಕೊಟ್ಟಿಗೆಯ ನೆಲಕ್ಕೆ ಇಳಿಯಿತು. ಅಡಿಕೆ ಒಣಗಿಸುವ ಡ್ರೈಯರ್ ಇರುವ ಮನೆಯವರು ಮುಂಗಾರಿಗೆ ಮುನ್ನ ನುಚ್ಚನ್ನೂ ಒಮ್ಮೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಚೀಲವಾದರೆ ಗೋಡೆಗೆ ತಾಗದಂತೆ ಹಲಗೆಯ ಮೇಲಿರಬೇಕು. ಪ್ಯಾಕೆಟ್ ಆಹಾರ ತರುವವರು ಸೋವಿಯ ಆಸೆಗೆ 20 ಕಿಲೋದ ಚೀಲ ಒಡೆದು ಆಷಾಢವಿಡೀ ಬಾಯಿ ತೆರೆದಿಡುವುದಕ್ಕಿಂತ ಸಣ್ಣ ಪೊಟ್ಟಣ ತರುವುದೇ ಕೊನೆಗೆ ಅಗ್ಗ. ಬೂಷ್ಟು ಹಿಡಿದದ್ದನ್ನು ಒಳ್ಳೆಯದರೊಂದಿಗೆ ಬೆರೆಸಿ ‘ತೆಳುಗೊಳಿಸುವ’ ಜಾಣತನ ಬೇಡ, ತಿಪ್ಪೆಗೆ ಸುರಿಯುವುದೂ ಬೇಡ, ಅಲ್ಲಿಗೂ ಮೊದಲು ತಲುಪುವುದು ನಾಯಿಯೇ. ಅದನ್ನು ಆಳವಾಗಿ ಹೂಳಬೇಕು.

ಅನುಮಾನ ಬಂದು ಆಹಾರವನ್ನು ಪರೀಕ್ಷೆಗೆ ಕಳಿಸುವುದಾದರೆ ತಾಲ್ಲೂಕಿನ ಪಶು ಆಸ್ಪತ್ರೆಯ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ವೈದ್ಯರನ್ನು ಕೇಳಿ ಮುಂದುವರಿಯಬಹುದು. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಮೂಲೆಯ ಹಿಡಿಯಷ್ಟು ಕಾಳಿನಲ್ಲೇ ಬಹುಪಾಲು ಸೇರಿಕೊಂಡಿರಬಹುದು. ಆದ್ದರಿಂದ ಮೇಲೆ, ನಡುವೆ, ತಳದಲ್ಲಿ, ಬದಿಗಳಲ್ಲಿ ಒಂದೊಂದು ಹಿಡಿ ತೆಗೆದು, ಬೆರೆಸಿ, ಅದರಿಂದ ಅರ್ಧ ಕಿಲೋ ಕೊಡಬೇಕು. ಮಾದರಿಯನ್ನು ಕಾಗದದ ಚೀಲದಲ್ಲಿ ಒಯ್ಯಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೆ ಬೆವರಿ, ಮನೆಯಲ್ಲಿ ಇಲ್ಲದಿದ್ದ ಬೂಷ್ಟು ಶಿವಮೊಗ್ಗದ ಬಸ್ಸಿನಲ್ಲೇ ಹುಟ್ಟಿಕೊಂಡೀತು.